ಅಪ್ಪನ ಅಂಗಿಯ ಚೀಲ

ಗಾಳಿ ತುಂಬಿ ಉಬ್ಬಿದೆ ಚೀಲ, ಒಳಗೆ ಯಾರೋ ಇರುವ ಹಾಗೆ, ಥೂ, ಯಾರಿರುತ್ತಾರೆ, ಈಗ ತಾನೇ ಒಗೆದು ಹಾಕಿದ್ದು, ಹಳೇ ಪರದೆಯನ್ನು ಕತ್ತರಿಸಿ ಅಮ್ಮ ಹೊಲಿದದ್ದು, ಪಕ್ಕದ್ದು ದಿಂಬಿನ ಕವರು, ಅದರಾಚೆ ನನ್ನ ಶಾಲೆಯ ಲಂಗ, ಮನೆಯ ಹಳೇ ಬಟ್ಟೆಯೆಲ್ಲ ಹಕ್ಕಿ ಚೀಲಗಳಾಗಿ ತಂತಿಯ ಮೇಲೆ ತೂಗುತ್ತಿದೆ — ಬಲೆಯಿಂದ ಬಿಡಿಸಿದ ಹಕ್ಕಿಯನ್ನು ಇದರೊಳಗಿಳಿಸಿ ಬಾಯಿ ಬಿಗಿದರೆ ಕತ್ತಲಲ್ಲಿ ತೆಪ್ಪಗಿರುತ್ತದೆ, ಆಮೇಲೆ ರೆಕ್ಕೆ ಅಳೆದು, ಕಾಲಿಗೆ ಉಂಗುರ ತೊಡಿಸಿ ಬಿಟ್ಟುಬಿಡುವುದು, ಇದೇ ನನ್ನ ಕೆಲಸ, ಇದಕ್ಕೂ ಸಂಬಳ ಕೊಡ್ತಾರೇನೇ ಎಂದು ಚಿಕ್ಕಪ್ಪ ನಗುತ್ತಿದ್ದರು, ನಗಲಿ, ಇನ್ನು ಅಳೆಯುವುದಕ್ಕೆ ಏನೂ ಉಳಿಯುವುದಿಲ್ಲ, ನಾಳೆ ಕಾಡು ಕಡಿಯುತ್ತೇವೆ ಅಂದವರು ಇವತ್ತೇ ಬಂದರಲ್ಲ, ಗರಗಸದ ಸದ್ದು ಇನ್ನೂ ಹಲ್ಲಿನೊಳಗೆ ಕೂತಿದೆ, ಮೂವತ್ತು ಬಗೆಯ ಹಕ್ಕಿ ಕೂಗುತ್ತಿದ್ದ ಕಡೆ ಒಂದೇ ಸದ್ದು. ಅಮ್ಮ ಬಕೆಟ್ ಬೋರಲು ಹಾಕಿ ಕೇಳುತ್ತಾಳೆ, ಅಪ್ಪನ ಅಂಗಿದು ಎಲ್ಲೇ? ಯಾವುದಮ್ಮಾ? ಅದೇ ಕಣೇ, ಜೇಬಿರೋದು.

ಜೇಬು. ಹೊಲಿಯುವಾಗಲೇ ಹೇಳಿದ್ದೆ, ಜೇಬು ಬಿಚ್ಚಮ್ಮಾ, ಹಕ್ಕಿಗ್ಯಾಕೆ ಜೇಬು, ಇರಲಿ ಬಿಡೇ ಎಂದಿದ್ದಳು ನನ್ನ ಮುಖ ನೋಡದೆ, ಅಪ್ಪ ಹೋಗಿ ಆಗಿನ್ನೂ ವರ್ಷ ತುಂಬಿರಲಿಲ್ಲ, ಒಳಗೆ ಹಕ್ಕಿ ಇದ್ದಾಗ ಆ ಜೇಬು ಮೆಲ್ಲಗೆ ಏಳುತ್ತದೆ, ಇಳಿಯುತ್ತದೆ, ಮಧ್ಯಾಹ್ನ ಅಪ್ಪ ಅಂಗಿ ಹಾಕಿಕೊಂಡೇ ಮಲಗುತ್ತಿದ್ದರಲ್ಲ, ಹಾಗೆ — ಜೀಪಿನಲ್ಲಿ ಬಿದ್ದಿರಬೇಕು, ಗಡಿಬಿಡಿಯ ಹತ್ತಿರ ಉಳಿದಿರಬೇಕು, ಗಡಿಬಿಡಿ ಅಂತ ನಾನೇ ಹೆಸರಿಟ್ಟ ನನ್ನ ಜೊತೆಗಾರ, ಎರಡು ಮಕ್ಕಳ ತಂದೆಯಾದರೂ ಷೂ ಲೇಸು ಕಟ್ಟದೆ ಓಡುವವನು. ಬೆಳಗ್ಗೆ ಆ ಚೀಲದಲ್ಲಿ ಯಾರಿದ್ದರು? ಅವಳು. ಆ ಅಪರೂಪದ ಕಂದು ಹಕ್ಕಿಯ ಹೆಣ್ಣು. ವರ್ಷಗಟ್ಟಲೆ ಗಂಡೊಂದೇ ಕೂಗುತ್ತಿತ್ತು ಆ ಕಾಡಿನಲ್ಲಿ, ಬಡಪಾಯಿ, ಗಂಟಲು ಹರಿದುಕೊಂಡರೂ ಓಗೊಡುವವರಿಲ್ಲ, ಇವತ್ತು ಹೆಣ್ಣು ಬಲೆಗೆ ಬಿತ್ತು, ಉಫ್ ಎಂದು ಊದಿ ಹೊಟ್ಟೆ ನೋಡಿದೆ, ಗರಿ ಉದುರಿ ಬರಿಯ ಚರ್ಮ, ಬಿಸಿ, ಅಂದರೆ ಕಾವಿಗೆ ಕೂತಿದ್ದಾಳೆ, ಗೂಡಿದೆ, ಈ ಹಕ್ಕಿಯ ಗೂಡಿದ್ದರೆ ಕಡಿಯುವಂತಿಲ್ಲ, ಅರಣ್ಯ ಇಲಾಖೆಯ ಆದೇಶದಲ್ಲೇ ಇದೆ, ಈ ಹೊಟ್ಟೆಯದೊಂದು ಫೋಟೋ ಸಾಕು, ಇವಳಿಗೆ ಆತುರ ಬೇಡ, ಕ್ಯಾಮೆರಾ ಸರಿಮಾಡಿಕೊಂಡು ಸಾವಕಾಶವಾಗಿ ತೆಗೆಯೋಣ ಎಂದು ಉಳಿದ ಚೀಲಗಳ ಹಗ್ಗಕ್ಕೆ ಹಾಕದೆ, ಬೇರೆಯಾಗಿ, ನೆರಳಿನಲ್ಲಿ, ಮುರಿದ ಕೊಂಬೆಯ ಮೊನೆಗೆ, ನಾನೇ, ಇದೇ ಕೈಯಿಂದ — ಅಷ್ಟರಲ್ಲಿ ಗುತ್ತಿಗೆದಾರ, ಅವನ ಆಳುಗಳು, ಹೊರಡಿ ಹೊರಡಿ, ಗೂಡಿದೆ ಕಣ್ರೀ ಇಲ್ಲಿ ಎಂದು ನಾನು ಜಗಳಕ್ಕೆ ನಿಂತೆ, ಅದನ್ನೆಲ್ಲ ಆಫೀಸಲ್ಲಿ ಹೇಳಿ ಮೇಡಂ, ಮೊದಲ ಮರ ಆಗಲೇ ವಾಲುತ್ತಿತ್ತು, ಬಿಟ್ಟುಬಿಡೋ ಎಲ್ಲವನ್ನೂ ಎಂದು ಗಡಿಬಿಡಿಗೆ ಕೂಗಿದೆ, ಎಲ್ಲಾ ಬಿಟ್ಟೆ ಅಕ್ಕಾ ಎಂದ, ಫೋಟೋ ಇಲ್ಲ, ಏನೂ ಇಲ್ಲ, ದಾರಿಯುದ್ದಕ್ಕೂ ಅತ್ತೆ, ಹೋಗಲಿ, ಅವಳಾದರೂ ಗೂಡು ಸೇರಿದಳು ಎಂದುಕೊಂಡು ಕಣ್ಣೊರೆಸಿಕೊಂಡೆ.

ಫೋನು ಎತ್ತೋ ಮಾರಾಯ. ಎಲ್ಲಾ ಬಿಟ್ಟೆ ಅಂದೆಯಲ್ಲ? ಹೂಂ ಅಕ್ಕಾ, ಹಗ್ಗದ ಮೇಲಿದ್ದದ್ದೆಲ್ಲಾ. ಹಗ್ಗದ ಮೇಲಿದ್ದದ್ದು, ಸರಿ, ಕೊಂಬೆ ಮೇಲಿದ್ದದ್ದು? ಯಾವ ಕೊಂಬೆ ಅಕ್ಕಾ? — ಫೋನ್ ಮಾಡಿದರೆ ಗುತ್ತಿಗೆದಾರ ಎತ್ತುತ್ತಿಲ್ಲ, ಕಾವಲುಗಾರ ಎತ್ತಿದ, ಗೇಟಿಗೆ ಬೀಗ ಹಾಕಿದಾರೆ ಮೇಡಂ, ಬೀಗದ ಕೈ ಅವರ ಹತ್ರಾನೇ, ಒಳಗೆ ಮರ ಬೀಳ್ತಾ ಇದೆ, ಯಾರನ್ನೂ ಬಿಡಬೇಡ ಅಂದಿದಾರೆ, ಒಂದು ಚೀಲ ಇದೆಯಪ್ಪಾ, ಬಟ್ಟೇದು, ನೀಲಿ ಗೆರೆ, ಚೀಲಕ್ಕೋಸ್ಕರ ಇಷ್ಟು ದೂರ ಬರ್ತೀರಾ ಮೇಡಂ, ಹೌದು, ಬರುತ್ತೇನೆ, ಚಪ್ಪಲಿ ಎಲ್ಲಿ, ಅಷ್ಟು ದೂರ ಹೋಗುವಷ್ಟರಲ್ಲಿ, ಬೆಳಗ್ಗೆಯಿಂದ ಹೊಟ್ಟೆಗೇನಿಲ್ಲ ಅದಕ್ಕೆ, ಅಂಗೈಯಷ್ಟೂ ಇಲ್ಲದ ಜೀವ, ಮೊಟ್ಟೆಗಳು ಆಗಲೇ ತಣ್ಣಗಾಗಿರುತ್ತವೆ, ಗಂಡು ಕರೆಯುತ್ತಿರುತ್ತಾನೆ, ಇವಳಿಗೆ ಕೇಳಿಸುತ್ತದೆ, ಬಾಯಿ ಬಿಗಿದ ಗಂಟು ನನ್ನದು, ನಾನು ಹಾಕಿದ ಗಂಟು ಯಾವತ್ತೂ ಸಡಿಲವಾಗಿದ್ದೇ ಇಲ್ಲ, ಸಿಕ್ತೇನೇ ಎಂದು ಅಮ್ಮ ಕೇಳುತ್ತಿದ್ದಾಳೆ, ನಿಮ್ಮಪ್ಪನ ಅಂಗಿ ಕಣೇ ಅದು, ಜೋಪಾನ — ಮರದ ಮೇಲೆ ಮರ ಬೀಳುತ್ತಿದೆ, ನೆರಳು ಕರಗುತ್ತಿದೆ, ಕೊಂಬೆಯ ಮೊನೆಯಲ್ಲಿ ನೀಲಿ ಗೆರೆಯ ಜೇಬು ಏಳುತ್ತದೆ, ಇಳಿಯುತ್ತದೆ, ಏಳುತ್ತದೆ, ಇಳಿಯುತ್ತದೆ, ಜೇಬು