ಹಿಂದಿನ ಕೋಣೆಯ ಮಾವಯ್ಯ

ಮಾವಯ್ಯ ಪೊರೆ ಬಿಡುವ ದಿನಗಳೆಂದರೆ ಆ ಮನೆಯಲ್ಲಿ ಎಲ್ಲರೂ ತುದಿಗಾಲಲ್ಲಿ ಓಡಾಡಬೇಕು. ಮುಂದಿನ ಲಾಂಡ್ರಿ ಅಂಗಡಿಯಲ್ಲಿ ರೇಡಿಯೊ ಹಾಕುವಂತಿಲ್ಲ, ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುವಂತಿಲ್ಲ, ಹಿಂದಿನ ಕೋಣೆಯ ಬಾಗಿಲನ್ನು ಯಾರೂ ಧಡಾರೆಂದು ಎಳೆಯುವಂತಿಲ್ಲ. ಇದು ಅತ್ತಿಗೆಯ ಕಟ್ಟಪ್ಪಣೆ.

ಮಾವಯ್ಯ ಎಂದರೆ ಯಾರೋ ಹಿರಿಯರು ಎಂದುಕೊಳ್ಳಬೇಡಿ. ಅದು ಮೈದುನ ತಂದು ಸಾಕಿದ ಹಾವು. ವಿಷವಿಲ್ಲದ್ದು, ತೋಳಿನಷ್ಟು ದಪ್ಪ, ಕಂದು ಮೈಮೇಲೆ ಹಾಲು ಚೆಲ್ಲಿದ ಹಾಗೆ ಮಚ್ಚೆಗಳು. ಮೈದುನ ಲಿಫ್ಟ್ ರಿಪೇರಿ ಮಾಡುವವನು. ಯಾವುದೋ ಕಟ್ಟಡದಲ್ಲಿ ಬಾಡಿಗೆಗಿದ್ದವರು ಮನೆ ಖಾಲಿ ಮಾಡುವಾಗ ಗಾಜಿನ ಪೆಟ್ಟಿಗೆಯ ಸಮೇತ ಅದನ್ನು ಬಿಟ್ಟುಹೋಗಿದ್ದರು. ಕಾವಲುಗಾರ ಚೀಲದಲ್ಲಿ ತುಂಬಿ ಎಸೆಯಲು ಹೊರಟಿದ್ದಾಗ ಇವನು ಅಡ್ಡ ನಿಂತು ಮನೆಗೆ ಹೊತ್ತು ತಂದ. ಅತ್ತಿಗೆ ಅಂದು ಒಂದು ಗಳಿಗೆ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ದಿನವಿಡೀ ನಿದ್ದೆ, ಹದಿನೈದು ದಿನಕ್ಕೊಮ್ಮೆ ಊಟ, ಯಾರ ಮಾತಿಗೂ ಉತ್ತರವಿಲ್ಲ ಎಂದು ಮೈದುನ ಅದರ ಸ್ವಭಾವ ವಿವರಿಸಿದ. "ನನಗೆ ಮಾವ ಇಲ್ಲ ಅನ್ನೋ ಕೊರಗು ಇವತ್ತಿಗೆ ತೀರ್ತು" ಎಂದಳು. ಅವಳು ಸೊಸೆಯಾಗಿ ಬರುವಷ್ಟರಲ್ಲಿ ಆ ಮನೆಯ ಹಿರಿಯರು ಇಬ್ಬರೂ ಹೋಗಿಬಿಟ್ಟಿದ್ದರು. ಮುಂದಿನ ಹಲ್ಲು ಬಿದ್ದ ಮೈದುನನೊಬ್ಬ ಅವಳ ಸೆರಗು ಹಿಡಿದುಕೊಂಡಿದ್ದ. ಅಂದಿನಿಂದ ಅವನು ಅವಳ ಕೈತುತ್ತಿನಲ್ಲೇ ಬೆಳೆದವನು.

ಹಿಂದಿನ ಕೋಣೆಗೂ ಲಾಂಡ್ರಿಯ ಬಾಯ್ಲರಿಗೂ ನಡುವೆ ಒಂದೇ ಗೋಡೆ. ಅದು ಸದಾ ಬೆಚ್ಚಗಿರುತ್ತಿದ್ದುದರಿಂದ ಮಾವಯ್ಯನಿಗೆ ಹೇಳಿ ಮಾಡಿಸಿದ ಜಾಗ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅತ್ತಿಗೆ ಇಸ್ತ್ರಿ ಮಾಡುತ್ತಿದ್ದರೆ ಅದು ಅವಳ ಹೆಗಲ ಮೇಲೆ ಶಾಲಿನ ಹಾಗೆ ಬಿದ್ದುಕೊಂಡಿರುತ್ತಿತ್ತು. "ಸೊಸೆಯ ಕುತ್ತಿಗೆ ಒತ್ತೋ ಮಾವ ಬೇರೆ ಎಲ್ಲಿದ್ದಾರೆ ತೋರಿಸಿ ನೋಡೋಣ" ಎಂದು ಅವಳು ಗಂಡನನ್ನು ಕೆಣಕುವಳು. ಗಂಡ ಅಂಗಿಯ ಕಾಲರು ತಿಕ್ಕುತ್ತಾ, "ಕುತ್ತಿಗೆ ಒತ್ತೋದಕ್ಕೂ ಹಿಸುಕೋದಕ್ಕೂ ಬಹಳ ವ್ಯತ್ಯಾಸ ಇಲ್ಲ, ನೋಡಿಕೋ" ಎನ್ನುವನು.

ಈ ಸಲ ಮಾವಯ್ಯನ ಕಣ್ಣು ಮಂಜಾಯಿತು. ಪೊರೆ ಬಿಡುವ ಮೊದಲು ಹಾಗಾಗುವುದು ವಾಡಿಕೆ. ಅತ್ತಿಗೆ ರೇಡಿಯೊ ಆರಿಸಿದಳು. ಎಲ್ಲರೂ ಪಿಸುಮಾತಿಗೆ ಇಳಿದರು. ಹಾವು ಮಡಕೆಯ ಚೂರಿನ ಕೆಳಗೆ ಸುರುಳಿ ಸುತ್ತಿಕೊಂಡು ಮಲಗಿತ್ತು. ಹಿರಿಯರಿಗೆ ತೊಂದರೆ ಕೊಡಬಾರದೆಂದು ಒಂದು ಹಗಲು ಪೂರ್ತಿ ಯಾರೂ ಪೆಟ್ಟಿಗೆಯ ಕಡೆ ತಲೆಹಾಕಲಿಲ್ಲ. ಮರುದಿನ ಬೆಳಿಗ್ಗೆ ನೀರು ಬದಲಿಸಲು ಹೋದ ಮೈದುನ ಮಡಕೆಚೂರು ಎತ್ತಿದ. ಸುರುಳಿ ಬಿಚ್ಚಲಿಲ್ಲ. ಮೈ ಮುಟ್ಟಿದರೆ ಒದ್ದೆ ಹಗ್ಗದ ಹಾಗಿತ್ತು.

ಪ್ರಾಣಿಗಳ ಡಾಕ್ಟರ್ ಕೊಯ್ದು ನೋಡಿದರು. ಕಾಯುತ್ತಿದ್ದ ಬೆಂಚಿನ ಬಳಿಗೆ ಬಂದು, ಕೈ ಒರೆಸಿಕೊಳ್ಳುತ್ತಾ ಹೇಳಿದರು: "ಹೃದಯ ಚೆನ್ನಾಗಿದೆ, ಶ್ವಾಸಕೋಶ ಚೆನ್ನಾಗಿದೆ. ಹೊಟ್ಟೇಲಿ ಏನೂ ಸಿಕ್ಕಿಕೊಂಡಿಲ್ಲ. ಹುಳ ಇಲ್ಲ, ಗಾಯ ಇಲ್ಲ. ವಯಸ್ಸೂ ಆಗಿರಲಿಲ್ಲ. ನೆನ್ನೆನೇ ಹೋಗಿರಬೇಕು."

"ಹಾಗಾದ್ರೆ ಯಾಕೆ ಸತ್ತಿತು?" ಎಂದ ಮೈದುನ.

"ಗೊತ್ತಾಗಲಿಲ್ಲ. ಕೆಲವು ಸಲ ಗೊತ್ತಾಗೋದೇ ಇಲ್ಲ."

ಆ ಮಾತು ಬೇರೆ ಯಾರಿಗೆ ಹೇಳಿದ್ದರೂ ನಡೆಯುತ್ತಿತ್ತೇನೋ. ಲಿಫ್ಟ್ ರಿಪೇರಿಯವನಿಗೆ ಹೇಳುವ ಮಾತಾಗಿರಲಿಲ್ಲ.

ಹಿತ್ತಲ ಗೋಡೆಯ ಬುಡದಲ್ಲಿ ಮಣ್ಣು ಮಾಡಿದರು. ಅತ್ತಿಗೆ ಕೈಮುಗಿದು, "ಭಗವಂತ, ಮಾತಿಲ್ಲದ ಜೀವ, ನೀನೇ ಅರ್ಥ ಮಾಡಿಕೋ" ಎಂದಳು. ಅಂದು ಇಸ್ತ್ರಿ ಮಾಡುವಾಗ ಹೆಗಲು ಹಗುರವೆನಿಸಿ ಅವಳಿಗೆ ಕಣ್ಣು ತುಂಬಿ ಬಂತು. ಯಾರದೋ ಬಿಳಿ ಅಂಗಿಯ ಮೇಲೆ ಎರಡು ಹನಿ ಬಿದ್ದವು. ಅವುಗಳ ಮೇಲೆಯೇ ಇಸ್ತ್ರಿಪೆಟ್ಟಿಗೆ ಎಳೆದಳು. ಅಳು ಬಂದರೆ ಅಳಬೇಕು, ಅತ್ತು ಆದಮೇಲೆ ಅಂಗಿ ಮಡಿಸಬೇಕು ಎನ್ನುವ ಹೆಂಗಸು ಅವಳು. ದುಃಖವನ್ನೂ ದೇವರು ಕಳಿಸಿದ ನೆಂಟನೆಂದು ಒಳಗೆ ಕೂರಿಸಿ, ನೀರು ಕೊಟ್ಟು, ಹೊತ್ತಾದ ಮೇಲೆ ಬಾಗಿಲವರೆಗೆ ಹೋಗಿ ಬೀಳ್ಕೊಡುವುದು ಅವಳಿಗೆ ಗೊತ್ತಿತ್ತು.

ಮೈದುನನಿಗೆ ಗೊತ್ತಿರಲಿಲ್ಲ. ಮಾರನೆಯ ದಿನವೇ ಅವನು ಸ್ಪ್ಯಾನರು, ಟಾರ್ಚು, ತಂತಿ ಪರೀಕ್ಷಿಸುವ ಮೀಟರು ಹಿಡಿದು ಹಿಂದಿನ ಕೋಣೆಗೆ ಇಳಿದ. ಗಾಜಿನ ಪೆಟ್ಟಿಗೆಯ ಕೆಳಗೆ ಬಿಸಿಗೆಂದು ಹಾಸಿದ್ದ ಕರೆಂಟಿನ ಹಾಳೆ ಬಿಚ್ಚಿದ. ಸರಿಯಾಗಿತ್ತು. ದೀಪ ಬಿಚ್ಚಿದ. ಸರಿಯಾಗಿತ್ತು. ನಲ್ಲಿ ನೀರನ್ನು ಸೀಸೆಯಲ್ಲಿ ತುಂಬಿಸಿ ಪರೀಕ್ಷೆಗೆ ಕಳಿಸಿದ. ಅದೂ ಸರಿಯಾಗಿತ್ತು. ಗೋಡೆಯ ಸುಣ್ಣ ಕೆರೆದ, ನೆಲ ಒರೆಸುವ ಸೋಪು ಮೂಸಿದ, ಲಾಂಡ್ರಿಯ ಕಲೆ ತೆಗೆಯುವ ದ್ರಾವಣವನ್ನೆಲ್ಲ ಬೀದಿಗೆ ಸಾಗಿಸಿದ. ಕೊನೆಗೆ ಬಾಯ್ಲರಿನ ಹೊಗೆಕೊಳವೆಗೂ ಕೈ ಹಾಕಿದ.

"ಇವತ್ತು ಹೋಟೆಲಿನ ಚಾದರ ಕೊಡಬೇಕು ಕಣೋ" ಎಂದ ಅಣ್ಣ, ತಣ್ಣಗಿದ್ದ ಬಾಯ್ಲರನ್ನು ನೋಡುತ್ತಾ. "ಹಾವಿನ ಕಾರಣ ಹುಡುಕೋಕೆ ಹೋಗಿ ನನ್ನ ಹೊಟ್ಟೆ ಮೇಲೆ ಹೊಡೀತಿದ್ದೀಯ."

"ಇವತ್ತೊಂದು ದಿನ, ಅಣ್ಣ."

"ನೆನ್ನೆನೂ ಇದನ್ನೇ ಹೇಳಿದ್ದೆ."

ಅಷ್ಟಕ್ಕೇ ನಿಂತಿದ್ದರೆ ಅತ್ತಿಗೆ ಸುಮ್ಮನಿರುತ್ತಿದ್ದಳು. ಆದರೆ ಅವನು ಕೆಲಸದ ಚೀಲದಿಂದ ಕೆಂಪು ಬೋರ್ಡು ತೆಗೆದು ಹಿಂದಿನ ಕೋಣೆಯ ಬಾಗಿಲಿಗೆ ನೇತುಹಾಕಿದ. 'ಕೆಟ್ಟಿದೆ, ಬಳಸಬೇಡಿ' ಎಂದು ಅದರ ಮೇಲಿತ್ತು. ಅಲ್ಲಿಯವರೆಗೆ ಆ ಕೋಣೆಯಲ್ಲೇ ಮಲಗುತ್ತಿದ್ದವನು ತನ್ನ ಹಾಸಿಗೆ ಸುತ್ತಿಕೊಂಡು ಬಂದು ಅಂಗಡಿಯ ಬಟ್ಟೆಗಂಟುಗಳ ನಡುವೆ ಮಲಗತೊಡಗಿದ. ಮೂರನೆಯ ಸಂಜೆ ಊಟಕ್ಕೆ ಕೂತಾಗ ತಟ್ಟೆ ನೋಡುತ್ತಾ, "ಮದುವೆ ಬೇಡ ಅಂತ ಅವರಿಗೆ ಹೇಳಿಬಿಡ್ತೀನಿ" ಎಂದ.

ಅವರು ಎಂದರೆ ಈಜು ಕಲಿಸುವ ಟೀಚರು. ಈಜುಕೊಳದ ಕಟ್ಟಡದಲ್ಲಿ ಲಿಫ್ಟ್ ನಿಂತು ಒಳಗೆ ಸಿಕ್ಕಿಕೊಂಡವಳನ್ನು ಇವನು ಹೊರಗೆ ತೆಗೆದಿದ್ದ. ಅವಳು ಮನೆಗೆ ಹೋಗದೆ ಮೆಟ್ಟಿಲ ಮೇಲೆ ಕೂತು, ಯಾಕೆ ನಿಂತಿತು ಎಂದು ಕೊನೆಯ ತನಕ ಕೇಳಿಸಿಕೊಂಡಿದ್ದಳು. ಅಂಥ ಹೆಣ್ಣು ಸಿಗುವುದುಂಟೇ? ಹಾವು ತೋರಿಸಿದರೂ ಹೆದರದೆ, "ನಮಸ್ಕಾರ ಮಾವಯ್ಯ" ಎಂದಿದ್ದಳು. ಮದುವೆಗೆ ಒಂದು ತಿಂಗಳಿತ್ತು. ಮದುವೆಯಾದ ಮೇಲೆ ಇಬ್ಬರಿಗೂ ಆ ಹಿಂದಿನ ಕೋಣೆಯೇ ಎಂದು ಮಾತಾಗಿತ್ತು.

ಅತ್ತಿಗೆಯ ಕೈಯ ಸೌಟು ಹಾಗೇ ನಿಂತಿತು. "ಯಾಕೆ?"

"ಆ ಕೋಣೇಲಿ ಏನೋ ಇದೆ ಅತ್ತಿಗೆ. ಚೆನ್ನಾಗಿದ್ದ ಜೀವ ಒಂದೇ ಹಗಲಲ್ಲಿ ಹೋಯ್ತು. ಏನು ಅಂತ ಗೊತ್ತಿಲ್ಲ. ಗೊತ್ತಿಲ್ಲದ ಕೋಣೆಗೆ ಇನ್ನೊಬ್ಬರ ಮಗಳನ್ನ ಹೇಗೆ ಕರ್ಕೊಂಡು ಬರಲಿ? ಲಿಫ್ಟ್ ಯಾಕೆ ನಿಲ್ತು ಅಂತ ಗೊತ್ತಾಗೋವರೆಗೂ ನಾವು ಯಾರನ್ನೂ ಹತ್ತಿಸಲ್ಲ."

"ಬೇರೆ ಮನೆ ಮಾಡು."

"ಅಲ್ಲೂ ಗೊತ್ತಾಗದೆ ಇರೋದು ಏನಾದ್ರೂ ಇರುತ್ತಲ್ಲ." ಅವನ ದನಿ ಇಳಿಯಿತು. "ನಾನು ಆ ದಿನ ಒಂದು ಸಲ ಎತ್ತಿ ನೋಡಿದ್ದಿದ್ರೆ ಬದುಕ್ತಿತ್ತೋ ಏನೋ."

"ನೋಡಬೇಡ ಅಂದವಳು ನಾನು" ಎಂದಳು ಅತ್ತಿಗೆ, ಅಳುಕದೆ. "ರೇಡಿಯೊ ಆರಿಸಿದವಳೂ ನಾನೇ. ಸತ್ತ ಹಾವಿನ ಮುಂದೆ ಒಂದು ದಿನವೆಲ್ಲ ಪಿಸುಗುಟ್ಟಿದೆವು. ನಗಬೇಕಾ, ಅಳಬೇಕಾ ನನಗೂ ಗೊತ್ತಿಲ್ಲ. ಆದರೆ ಅದೊಂದು ಕೆಟ್ಟ ಸಾವಲ್ಲ. ಮನೆಯವರೆಲ್ಲ ಮರ್ಯಾದೆಯಿಂದ ದನಿ ತಗ್ಗಿಸಿಕೊಂಡಿರುವಾಗ ಹೋಗೋ ಪುಣ್ಯ ಎಷ್ಟು ಜನಕ್ಕಿದೆ? ಊಟ ಮಾಡು. ಆ ಹುಡುಗಿಗೆ ನೀನು ಏನೂ ಹೇಳಬೇಡ. ನಾನು ಕರೆಸ್ತೀನಿ."

ಅಣ್ಣ ತಮ್ಮನ ಕಡೆ ವಾಲಿ, "ಅವಳು ಕರೆಸ್ತೀನಿ ಅಂದಮೇಲೆ ಮುಗೀತು ಬಿಡು. ನನ್ನನ್ನೂ ಹೀಗೇ ಕರೆಸಿದ್ದು" ಎಂದ. ಯಾರೂ ನಗದಿದ್ದರೂ ಮೈದುನ ಎರಡು ತುತ್ತು ಹೆಚ್ಚು ತಿಂದ.

ಬೆಳಿಗ್ಗೆ ಅತ್ತಿಗೆ ಎಂದಿನಂತೆ ಕಣ್ಣು ಮುಚ್ಚಿ ಕೂತಳು. ಅವಳ ಪ್ರಾರ್ಥನೆಯಲ್ಲಿ ಬೇಡಿಕೆಗಳು ಕಡಿಮೆ, ಹರಟೆ ಹೆಚ್ಚು. 'ನೀನು ಕೊಡುವಾಗ ಕಾರಣ ಹೇಳಿ ಕೊಡಲಿಲ್ಲ' ಎಂದಳು ಮನಸ್ಸಿನಲ್ಲೇ. 'ಎಸೆಯಲು ಹೊರಟ ಚೀಲದಿಂದ ಒಂದು ಜೀವವನ್ನು ನಮ್ಮ ಮನೆಗೆ ತಂದು ಬಿಟ್ಟೆ. ಆಗ ಯಾಕೆ ಎಂದು ನಾವೂ ಕೇಳಲಿಲ್ಲ, ಸುಮ್ಮನೆ ಸಂತೋಷಪಟ್ಟೆವು. ಈಗ ಕೇಳಿದರೆ ಅದ್ಯಾವ ನ್ಯಾಯ? ನನಗೆ ಇಷ್ಟು ಸಾಕು. ಆದರೆ ಅವನಿಗೆ ಇದು ಅರ್ಥವಾಗುವ ಭಾಷೆಯಲ್ಲ. ಅವನ ಭಾಷೆ ಬೇರೆ.' ಅವನ ಭಾಷೆಯಲ್ಲೇ ಮಾತಾಡಬೇಕು ಎಂದು ಅವಳಿಗೆ ಹೊಳೆದದ್ದು ಹಾಗೆ. ಎದ್ದು ಮುಖ ತೊಳೆದುಕೊಂಡಳು. ಒಂದು ಸಲ ದಾರಿ ಕಂಡರೆ ಹಿಂತಿರುಗಿ ನೋಡುವವಳಲ್ಲ.

ಸಂಜೆ ಟೀಚರು ಬಂದಳು, ಒದ್ದೆ ಕೂದಲನ್ನು ಗಂಟು ಹಾಕಿಕೊಂಡು. ಅತ್ತಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಟೀಚರು ಎದ್ದುಹೋಗಿ ಕೆಂಪು ಬೋರ್ಡಿನ ಮುಂದೆ ನಿಂತು ಅದನ್ನು ಓದಿದಳು. ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದ ಮೈದುನನ ಕಡೆ ತಿರುಗಿ, "ನನಗೆ ಹೇಳದೆ ನನ್ನ ಮನೆಗೆ ಬೋರ್ಡು ಹಾಕಿಬಿಟ್ರಾ?" ಎಂದಳು. ದನಿಯಲ್ಲಿ ಕೋಪವಿತ್ತು, ಸುಳ್ಳು ಕೋಪವಲ್ಲ.

"ನಿಮ್ಮ ಒಳ್ಳೇದಕ್ಕೇ."

ಅತ್ತಿಗೆ ನಡುವೆ ಬಂದಳು. "ಒಂದು ಕೇಳ್ತೀನಿ, ಸುಳ್ಳು ಹೇಳಬೇಡ. ಇಷ್ಟು ವರ್ಷದಲ್ಲಿ ಕಾರಣ ಸಿಗದೇ ಇರೋ ಲಿಫ್ಟು ಒಂದೂ ಇಲ್ವಾ?"

ಮೈದುನ ತಲೆಯೆತ್ತಿ ಕೆಂಪು ಬೋರ್ಡಿನ ಕಡೆ ನೋಡಿದ. ಆಮೇಲೆ, "ಒಂದಿದೆ" ಎಂದ. "ಹಳೇ ಕಟ್ಟಡ. ಮೇಲಿನ ಮಹಡೀಲಿ ಸುಮ್ಮಸುಮ್ಮನೆ ನಿಲ್ತಿತ್ತು. ಹಗ್ಗ ಬದಲಾಯಿಸಿದ್ವಿ, ಬ್ರೇಕು, ತಂತಿ ಎಲ್ಲಾ ಬದಲಾಯಿಸಿದ್ವಿ. ಮತ್ತೆ ನಿಲ್ತು."

"ಆಮೇಲೆ?"

"ಇನ್ನೂ ಒಂದು ಸಲ ಎಲ್ಲಾ ಬಿಚ್ಚಿ ನೋಡಿ ಕಟ್ಟಿದೆ. ತಪ್ಪೇ ಕಾಣಲಿಲ್ಲ. ಆಗ ನಾನೊಬ್ಬನೇ ಹತ್ತಿ ಓಡಾಡಿದೆ. ಬೆಳಿಗ್ಗೆ ಹತ್ತಿದವನು ಸಂಜೆವರೆಗೂ ಮೇಲೆ ಕೆಳಗೆ. ಕೈಯಲ್ಲಿ ಆಗೋದನ್ನೆಲ್ಲ ಮಾಡಿ ಆದಮೇಲೆ ನಮ್ಮ ಪದ್ಧತಿ ಅದು. ಮೊದಲು ರಿಪೇರಿಯವನೇ ಹತ್ತಬೇಕು."

"ಈಗ?"

"ಓಡ್ತಿದೆ. ಆವತ್ತಿಂದ ನಿಂತಿಲ್ಲ."

"ಯಾಕೆ ನಿಲ್ತಿತ್ತು ಅಂತ ಆಮೇಲಾದ್ರೂ ಗೊತ್ತಾಯ್ತಾ?"

"ಇಲ್ಲ ಅತ್ತಿಗೆ."

"ಜನ ಹತ್ತುತಾರಾ?"

"ದಿನಾ ಹತ್ತುತಾರೆ."

ಅತ್ತಿಗೆ ಇನ್ನು ಮಾತು ಬೆಳೆಸಲಿಲ್ಲ. "ಈ ಕೋಣೇಲಿ ಬಿಚ್ಚೋದಕ್ಕೆ ಇನ್ನೇನಾದ್ರೂ ಉಳಿದಿದ್ಯಾ?"

ಅವನು ಕೋಣೆಯ ಗೋಡೆ, ಸೂರು, ಕಿಟಕಿಗಳ ಮೇಲೆ ಕಣ್ಣಾಡಿಸಿದ. "ಇಲ್ಲ."

"ಹಾಗಾದ್ರೆ ಹಾಸಿಗೆ ಎತ್ತಿಕೊಂಡು ಬಾ."

ಮೈದುನ ಎದ್ದು ನಿಂತ. ಹೋಗಲಿಲ್ಲ. ಹಾವು ಸತ್ತ ದಿನದಿಂದ ಮೀಟರು, ಸ್ಪ್ಯಾನರುಗಳ ಹಿಂದೆ ಅಡಗಿದ್ದ ಅಳು ಈಗ ಹೊರಗೆ ಬಂತು. "ದಿನಾ ಕೆಲಸದಿಂದ ಬಂದಾಗ ಗಾಜಿನ ಹತ್ತಿರ ಬಂದು ತಲೆ ಎತ್ತೋದು ಅತ್ತಿಗೆ" ಎಂದಷ್ಟೇ ಹೇಳಿದ. ಅತ್ತಿಗೆ ಅವನ ತಲೆಯನ್ನು ಹೆಗಲಿಗೆ ಎಳೆದುಕೊಂಡಳು. ಅವನು ಈಗ ಅವಳಿಗಿಂತ ಒಂದು ಗೇಣು ಎತ್ತರ, ಬಗ್ಗಬೇಕಾಯಿತು. ಟೀಚರು ಆ ಕಡೆ ನೋಡದೆ ಬಾಗಿಲಿನಿಂದ ಬೋರ್ಡನ್ನು ತೆಗೆದು ಅವನ ಚೀಲದೊಳಗೆ ಹಾಕಿದಳು.

ಅವನು ಮುಖ ಒರೆಸಿಕೊಂಡಾಗ ಅವಳು ಕೇಳಿದಳು: "ಖಾಲಿ ಲಿಫ್ಟ್ ಓಡಿಸಿದ್ರೆ ಸಾಕಾ? ತೂಕ ಇಟ್ಟು ನೋಡಲ್ವಾ?"

"ಮರಳಿನ ಮೂಟೆ ಇಡ್ತೀವಿ."

"ನನ್ನನ್ನೂ ಒಂದು ಮೂಟೆ ಅಂದ್ಕೊಳ್ಳಿ. ಕ್ಲಾಸು ಮುಗಿಸಿ ದಿನಾ ಬಂದು ಇಲ್ಲೇ ಕೂತಿರ್ತೀನಿ."

"ನಿಮಗೇನಾದ್ರೂ ಆದ್ರೆ?"

"ನೀರಿಗೆ ಇಳಿಯೋರೆಲ್ಲ ನನ್ನನ್ನ ಕೇಳೋದೂ ಇದನ್ನೇ. ಏನೂ ಆಗಲ್ಲ ಅಂತ ನಾನು ಯಾರಿಗೂ ಹೇಳಿಲ್ಲ. ಪಕ್ಕದಲ್ಲೇ ಇರ್ತೀನಿ ಅಂತ ಹೇಳ್ತೀನಿ. ಅಷ್ಟಕ್ಕೇ ಇಳೀತಾರೆ."

ಮೈದುನ ಹೋಗಿ ಹಾಸಿಗೆ ತಂದ. ಅಣ್ಣ ಹಿಂದಿನಿಂದ ಕೂಗಿದ: "ಹಾಗಾದ್ರೆ ನನ್ನ ಬಾಯ್ಲರು?"

"ಈಗಲೇ ಕಟ್ಟಿಕೊಡ್ತೀನಿ ಅಣ್ಣ."

"ನೀನೇ ಮೊದಲು ಅದರೊಳಗೆ ಕೂತು ನೋಡ್ತೀಯೋ?"

ಈ ಸಲ ಎಲ್ಲರೂ ನಕ್ಕರು.

ಅವನು ಆ ಕೋಣೆಯಲ್ಲಿ ಮಲಗಿದ, ಎದ್ದ, ಕೆಲಸಕ್ಕೆ ಹೋಗಿ ಬಂದ. ಸಂಜೆಗಳಲ್ಲಿ ಟೀಚರು ಬಂದು ಗೋಡೆಗೆ ಒರಗಿ ಕಾಲು ಚಾಚಿಕೊಂಡು ಕೂರುವಳು. ಮೊದಮೊದಲು ಅವನು ಆಗಾಗ, "ತಲೆ ಸುತ್ತುತಿದ್ಯಾ?" ಎಂದು ಕೇಳುತ್ತಿದ್ದ. "ನೀವು ಕೇಳಿ ಕೇಳಿ ಸುತ್ತುತಿದೆ" ಎಂದು ಅವಳು ಅನ್ನತೊಡಗಿದ ಮೇಲೆ ಕೇಳುವುದನ್ನು ಬಿಟ್ಟ. ಅತ್ತಿಗೆ ಆ ಕಡೆ ಇಣುಕಲೂ ಇಲ್ಲ. ಯಾವ ಕೆಲಸ ತನ್ನದು, ಯಾವುದು ದೇವರದು, ಯಾವುದು ಆ ಇಬ್ಬರದು ಎಂಬ ಲೆಕ್ಕ ಅವಳಿಗೆ ಎಂದೂ ತಪ್ಪಿದ್ದಿಲ್ಲ.

ಒಂದು ಸಂಜೆ ಹಿಂದಿನ ಕೋಣೆಯಿಂದ ಮಾತು ಏರಿದ್ದು ಕೇಳಿಸಿತು. ಗಾಜಿನ ಪೆಟ್ಟಿಗೆ ತೆಗೆದ ಜಾಗದಲ್ಲಿ ಬೀರು ಇಡೋಣವೆಂದು ಅವಳು. ಅಲ್ಲಿಟ್ಟರೆ ಬಾಗಿಲು ಪೂರ್ತಿ ತೆರೆಯುವುದಿಲ್ಲವೆಂದು ಅವನು. ತೆರೆಯದಿದ್ದರೆ ಬಾಗಿಲನ್ನೇ ತಿರುಗಿಸಿ ಕೂರಿಸಿ, ರಿಪೇರಿಯವರಲ್ಲವೇ ಎಂದು ಅವಳು. ಅವನು ಅಳತೆಪಟ್ಟಿ ಎಳೆಯುವ ಸದ್ದು, ಅವಳು ಅದನ್ನು ಕಸಿದುಕೊಳ್ಳುವ ಸದ್ದು.

"ಅತ್ತಿಗೆ, ನೀವೇ ಬಂದು ಹೇಳಿ" ಎಂದು ಮೈದುನ ಕೂಗಿದ.

"ಅಕ್ಕ, ಬರಬೇಡಿ" ಎಂದು ಟೀಚರು ಕೂಗಿದಳು.

ಅತ್ತಿಗೆ ಇಸ್ತ್ರಿಪೆಟ್ಟಿಗೆ ಕೆಳಗಿಡದೆ, ಇನ್ನೊಂದು ಅಂಗಿಯ ತೋಳು ಬಿಡಿಸಿಕೊಳ್ಳುತ್ತಾ, "ನನಗೆ ಪುರುಸೊತ್ತಿಲ್ಲ. ಬೀರು ನಿಮ್ಮದು, ಜಗಳ ನಿಮ್ಮದು" ಎಂದು ಕೂಗಿ ಹೇಳಿದಳು.