ಹನ್ನೊಂದು ಗಂಟೆಯ ವಿಜೇತರು

ಆ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳನ್ನು ಹೆಸರು ಹಿಡಿದು ಬರೆದವರಿಲ್ಲ. ಮೂವರ ಫೋನಿನಲ್ಲೂ ಕಾಣುವ ಒಂದೇ ಕ್ಯಾಲೆಂಡರಿನ ತುಂಬ 'ಮೂರನೇ ಮಹಡಿ ಅಜ್ಜಿ', 'ಕೆಮ್ಮುವ ಮೇಷ್ಟ್ರು', 'ಫ್ರೇಮ್ ಮುರಿಯುವ ಮಗುವಿನ ಅಮ್ಮ' ಇಂಥವೇ. ಕಣ್ಣು ಪರೀಕ್ಷಿಸುವ ದೊಡ್ಡಮ್ಮನೂ ಹೀಗೆ ಬರೆಯುತ್ತಿದ್ದರು, ಒಳಗೆ ಕೂತು ಗಾಜಿನ ಅಂಚು ಉಜ್ಜುವ ದೊಡ್ಡಪ್ಪನೂ ಹೀಗೇ. ಕೌಂಟರಿಗೆಂದು ಬಂದಿದ್ದ ದೊಡ್ಡಮ್ಮನ ತಂಗಿಯ ಮಗಳು ಅವರಿಬ್ಬರನ್ನು ನೋಡಿ ನೋಡಿ ಕಲಿತಿದ್ದಳು. ಒಂದು ತಿಂಗಳು ನೋಡಿ, ಇಟ್ಟುಕೊಳ್ಳುವುದೋ ಮನೆಗೆ ಕಳಿಸುವುದೋ ಹೇಳುತ್ತೇನೆಂದು ದೊಡ್ಡಮ್ಮ ಮೊದಲ ದಿನವೇ ಕಡ್ಡಿ ಮುರಿದಂತೆ ಹೇಳಿದ್ದರು. ಇಪ್ಪತ್ತೈದು ದಿನ ಕಳೆದಿತ್ತು.

ಕ್ಯಾಲೆಂಡರಿಗೆ ಇದ್ದದ್ದು ಒಂದೇ ಕಟ್ಟಳೆ: ಬರೆದವರೇ ಅಳಿಸಬೇಕು. ಹಿಂದೊಮ್ಮೆ ದೊಡ್ಡಪ್ಪ ಯಾರದ್ದನ್ನೋ ಅಳಿಸಿ, ಆ ಗಿರಾಕಿ ಬಾಗಿಲಲ್ಲಿ ರಂಪ ಮಾಡಿದ್ದರಂತೆ.

ಸೋಮವಾರ 'ವಿಶೇಷ ಆಹ್ವಾನಿತರು' ಎಂಬವರು ಕ್ಯಾಲೆಂಡರಿನಲ್ಲಿ ಕಂಡರು. ದೊಡ್ಡಪ್ಪನ ಕೀಟಲೆ ಇರಬೇಕೆಂದು ಹುಡುಗಿ ಸುಮ್ಮನಾದಳು. ಮಂಗಳವಾರ, ಬುಧವಾರದ ಹೊತ್ತಿಗೆ 'ಆಯ್ಕೆಯಾದ ಗೌರವಾನ್ವಿತರು' ಸಾಲುಗಟ್ಟಿದರು. ಬಂದವರು ಮಾತ್ರ ಒಬ್ಬರೂ ಇಲ್ಲ. ದೊಡ್ಡಮ್ಮ ಒಳಗಿನ ಕೋಣೆಯಲ್ಲಿ ಅಕ್ಷರದ ಬೋರ್ಡಿಗೆ ದೀಪ ಹಾಕಿಕೊಂಡು ಕಾದದ್ದೇ ಬಂತು.

ನಮ್ಮ ಅಂಗಡಿಗೆ ಗೌರವಾನ್ವಿತರು ಯಾವಾಗಿನಿಂದ ಬರತೊಡಗಿದರು ಎಂದು ದೊಡ್ಡಪ್ಪ ಹೆಂಡತಿಯನ್ನು ಕೇಳಿದರು. ಬಿರುದು ಹಂಚುವವರು ನೀವು, ನನ್ನನ್ನೇನು ಕೇಳುತ್ತೀರಿ ಎಂದರು ದೊಡ್ಡಮ್ಮ. ಆಮೇಲೆ ಇಬ್ಬರೂ ಹುಡುಗಿಯ ಕಡೆ ತಿರುಗಿದರು. ಅವಳು ತಲೆ ತಗ್ಗಿಸಿ, ಒರೆಸಿದ ಗಾಜನ್ನೇ ಮತ್ತೆ ಒರೆಸಿದಳು. ಅಳಿಸಿಬಿಟ್ಟರೆ ಬರೆದವಳೂ ತಾನೇ ಎಂದಾಗುತ್ತದೆ. ಬಿಟ್ಟರೆ ನಿಜವಾದ ಗಿರಾಕಿಗಳಿಗೆ ಜಾಗವಿಲ್ಲ. ಯಾವುದು ಸರಿಯೋ ತಲೆಬುಡ ತಿಳಿಯಲಿಲ್ಲ.

ಗುರುವಾರ ಬೆಳಿಗ್ಗೆ ಒಬ್ಬ ಬಸ್ ಡ್ರೈವರ್ ಮೂರನೇ ಸಲ ಬಂದ. ಸಂಜೆಯೊಳಗೆ ಕಣ್ಣು ಪರೀಕ್ಷೆಯ ಚೀಟಿಯನ್ನು ಡಿಪೋಗೆ ಕೊಡದಿದ್ದರೆ ಅವನನ್ನು ಕೆಲಸಕ್ಕೆ ಹತ್ತಿಸುವುದಿಲ್ಲವಂತೆ. ಎರಡು ಸಲ ಅವನನ್ನು ವಾಪಸು ಕಳಿಸಿದವಳು ಇವಳೇ.

"ಫುಲ್ ಅಂತೀಯ. ಒಳಗೆ ಒಂದು ನರಪಿಳ್ಳೇನೂ ಕಾಣಲ್ವಲ್ಲಮ್ಮ," ಎಂದ ಅವನು.

ಹುಡುಗಿ ಫೋನು ನೋಡಿದಳು. ಹನ್ನೊಂದು ಗಂಟೆ: 'ಅದೃಷ್ಟಶಾಲಿ ವಿಜೇತರು'. ಎದ್ದು ನಿಂತಳು. ಅವನನ್ನು ಕರೆದುಕೊಂಡು ಒಳಗೆ ಹೋದಳು.

"ಹನ್ನೊಂದು ಗಂಟೆಯೋರು ಬಂದ್ರು, ದೊಡ್ಡಮ್ಮ."

ದೊಡ್ಡಮ್ಮನಿಗೆ ಹೋದ ಜೀವ ಬಂತು. ಅವನ ಮೂಗಿನ ಮೇಲೆ ಪರೀಕ್ಷೆಯ ಭಾರದ ಚೌಕಟ್ಟು ಕೂರಿಸುತ್ತಾ, ಅಂತೂ ಏನು ಗೆದ್ದಿರಿ ಎಂದು ಕೇಳಿದರು.

"ನಾನಾ?" ಡ್ರೈವರ್ ಗಾಜಿನೊಳಗಿಂದ ಪಿಳಿಪಿಳಿ ನೋಡಿದ. "ಗೆದ್ದಿದ್ದು ಅಂದ್ರೆ ಈ ಕುರ್ಚಿನೇ. ಮೂರು ದಿನ ಅಲೆದಿದೀನಿ."

ಚೀಟಿ ಬರೆದುಕೊಟ್ಟ ದೊಡ್ಡಮ್ಮ ಮುಖ ಬಿಗಿದುಕೊಂಡು ಹೊರಗೆ ಬಂದರು. ಮೂರೂ ಫೋನುಗಳನ್ನು ಕೌಂಟರಿನ ಮೇಲೆ ಇಡಿಸಿ, ಇವರನ್ನೆಲ್ಲ ಬರೆದದ್ದು ಯಾರೆಂದು ಕೇಳಿದರು. ದೊಡ್ಡಪ್ಪ ಗಾಜಿನ ಪುಡಿ ಮೆತ್ತಿದ ಎರಡೂ ಕೈ ಎತ್ತಿಬಿಟ್ಟರು.

"ನಾನೂ ಅಲ್ಲ, ದೊಡ್ಡಮ್ಮ," ಎಂದಳು ಹುಡುಗಿ. "ಈ ಡ್ರೈವರನ್ನ ಹನ್ನೊಂದು ಗಂಟೆಯೋರು ಅಂತ ಒಳಗೆ ಕರ್ಕೊಂಡು ಬಂದಿದ್ದು ಮಾತ್ರ ನಾನು."

ದೊಡ್ಡಮ್ಮ ಬಾಯಿ ತೆರೆಯುವಷ್ಟರಲ್ಲಿ ಮೂರು ಫೋನೂ ಒಟ್ಟಿಗೆ ಟಿಣ್ ಎಂದವು. ಯಾರ ಕೈಯೂ ಹತ್ತಿರ ಇರಲಿಲ್ಲ. 'ಕೊನೆಯ ಅವಕಾಶ ಪಡೆದವರು, ನಾಳೆ ಹತ್ತು ಗಂಟೆ.' ಫೋನು ಕಚ್ಚೀತೆಂಬಂತೆ ದೊಡ್ಡಪ್ಪ ಒಂದು ಹೆಜ್ಜೆ ಹಿಂದೆ ಸರಿದರು.

ಚೀಟಿ ಮಡಚಿ ಜೇಬಿಗಿಡುತ್ತಿದ್ದ ಡ್ರೈವರ್, ತಮ್ಮ ಡಿಪೋದಲ್ಲೂ ಇದೇ ಗೋಳು ಎಂದ. ಯಾರೋ ಮುಖ ಕಾಣದವರು ಊರಿಗೆಲ್ಲ ಮೋಸದ ಆಹ್ವಾನ ಎಸೆಯುತ್ತಾರೆ, ಅವು ತಾವಾಗಿ ಫೋನಿನ ಕ್ಯಾಲೆಂಡರಿನಲ್ಲಿ ಬಂದು ಕೂರುತ್ತವೆ, ಉತ್ತರ ಕೊಟ್ಟರೆ ಇನ್ನಷ್ಟು ಬರುತ್ತವೆ. ಯಾರವರು ಎಂದು ದೊಡ್ಡಮ್ಮ ಕೇಳಿದ್ದಕ್ಕೆ, ಅದು ಗೊತ್ತಿದ್ದರೆ ನಾನೇಕೆ ಬಸ್ ಓಡಿಸುತ್ತಿದ್ದೆ ಎಂದು ಹೊರಟ.

ದೊಡ್ಡಮ್ಮ ತಮ್ಮ ಫೋನು ಎತ್ತಿ, ಬಂದದ್ದನ್ನು ಇನ್ನೊಮ್ಮೆ ಓದಿದರು. ಆಮೇಲೆ ಅದನ್ನು ಹುಡುಗಿಯ ಕಡೆ ಸರಿಸಿದರು.

"ನೀನೇ ಅಳಿಸು. ತಿಂಗಳು ತುಂಬೋವರೆಗೂ ಕಾಯೋದೇನೂ ಬೇಡ, ಈ ಕೌಂಟರ್ ಕೆಲಸ ನಿಂದೇ."

ಹುಡುಗಿ ಒಂದೊಂದಾಗಿ ಅಳಿಸುತ್ತಾ ಹೋದಳು. 'ಬರುವುದಿಲ್ಲವೆಂದು ಕಳಿಸಿದವರಿಗೆ ತಿಳಿಸಬೇಕೇ?' ಎಂದು ಫೋನು ಕೇಳಿದಾಗಲೆಲ್ಲ ಬೇಡವೆಂದಳು. ಶನಿವಾರ ನಾಲ್ಕು ಗಂಟೆಗೆ 'ಚಿನ್ನದ ಸದಸ್ಯರು' ಸಿಕ್ಕರು. ಬೆರಳು ಇನ್ನೇನು ಒತ್ತಬೇಕು, ದೊಡ್ಡಪ್ಪ ಗಾಬರಿಯಿಂದ ಕೈ ಅಡ್ಡ ಹಿಡಿದರು.

"ಅಯ್ಯೋ, ಅದು ನಂದು. ನಮ್ಮ ಬೀದಿ ಸಂಘದ ಸದಸ್ಯರೊಬ್ರು ಕಣಮ್ಮ, ಹಲ್ಲಿಗೆ ಚಿನ್ನ ಕಟ್ಟಿಸ್ಕೊಂಡಿದಾರಲ್ಲ."