ಬೆಕ್ಕಿಗೂ ಒಂದು ಹೆಸರಿತ್ತು

ಆ ಮನೆಯಲ್ಲಿ ಬೆಕ್ಕಿಗೂ ಒಂದು ಹೆಸರಿತ್ತು. ಸೊಸೆಗೆ ಮಾತ್ರ ಇರಲಿಲ್ಲ.

ಹೆಸರೆಂದರೆ ಬಾಯಲ್ಲಿ ಕೂಗುವ ಹೆಸರಲ್ಲ. ಅದು ತವರಿನಿಂದಲೇ ಬಂದಿತ್ತು. ಅತ್ತೆಗೆ ಹುಟ್ಟಿನಿಂದ ಕಿವಿ ಕೇಳದು. ಹಾಗಾಗಿ ಮನೆಯ ಮಾತೆಲ್ಲ ಕೈಯಲ್ಲೇ, ಮನೆಯವರ ಹೆಸರೂ ಕೈಯಲ್ಲೇ. ಮಾವ ಅಂದರೆ ಮೀಸೆ ತಿರುವುವುದು. ಮೀಸೆ ಬೋಳಿಸಿ ಯಾವ ಕಾಲವಾಯಿತೋ, ಹೆಸರು ಉಳಿದಿತ್ತು. ಗಂಡ ಅಂದರೆ ಕಿವಿ ಹಿಡಿದುಕೊಳ್ಳುವುದು, ಚಿಕ್ಕಂದಿನಲ್ಲಿ ಅವನಿಗೆ ಸದಾ ಕಿವಿನೋವು. ಕಾಲೇಜಿಗೆ ಹೋಗುವ ನಾದಿನಿ ಅಂದರೆ ನಾಲಿಗೆ ಚಾಚುವುದು, ಯಾಕೆಂದು ಕೇಳಬೇಕಿಲ್ಲ. ಬೆಕ್ಕು ಅಂದರೆ ಹಾಲು ಕದ್ದವರ ಹಾಗೆ ತುಟಿ ಒರೆಸಿಕೊಳ್ಳುವುದು. ಇವಳ ಮಾತು ಬಂದಾಗ ಮಾತ್ರ ಅತ್ತೆ ಇವಳತ್ತ ಬೆರಳು ಚಾಚುತ್ತಿದ್ದರು. ಅಷ್ಟೇ.

ಮನೆಯ ಮುಂಭಾಗವೇ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿ. ಮಾವ ರಟ್ಟು ಕೊಯ್ದರೆ ಗಂಡ ಅಂಟು ಬಳಿಯುತ್ತಿದ್ದ, ಅತ್ತೆ ಹಾಳೆ ಹೊಲಿಯುತ್ತಿದ್ದರು. ಸೊಸೆ ಬಂದವಳೇ ಅತ್ತೆಯ ಪಕ್ಕ ಸೂಜಿ ಹಿಡಿದು ಕೂತಳು. ಅವರನ್ನು ಕರೆಯಬೇಕಾದರೆ ನೆಲ ಗುದ್ದಬೇಕು, ಅವರು ಹೇಳುತ್ತಿರುವಾಗ ಬೇರೆಡೆ ನೋಡಬಾರದು, ಮಾತಿನ ಮಧ್ಯೆ ದೀಪ ಆರಿಸುವುದು ಬಾಯಿ ಮುಚ್ಚಿಸಿದಷ್ಟೇ ತಪ್ಪು. ಎಲ್ಲವನ್ನೂ ಕಲಿತಳು. ಹೆಸರೊಂದು ಬರಲಿಲ್ಲ.

ನಾದಿನಿ ಪರೀಕ್ಷೆಗೆ ಗಟ್ಟಿಯಾಗಿ ಓದುತ್ತಿದ್ದಳು: "ಸಂಸ್ಕೃತಿಯ ಮೂಲ ಅಂಶಗಳು: ಸಂಕೇತ, ಭಾಷೆ, ಮೌಲ್ಯ, ರೂಢಿ, ಬಳಸುವ ವಸ್ತುಗಳು. ಸಂಸ್ಕೃತಿ ಹುಟ್ಟಿನಿಂದ ಬರುವುದಲ್ಲ, ಕಲಿತು ಬರುವುದು."

"ಕಲ್ತೆನಲ್ಲಮ್ಮ!" ಸೊಸೆ ಸಿಡುಕಿದಳು. "ಎಲ್ಲಾ ಕಲ್ತೆ. ಆದ್ರೂ ನಾನಿನ್ನೂ ಒಂದು ಬೆರಳು. ನನ್ನ ಹೆಸರು ಯಾವಾಗ?"

"ಅದನ್ನ ಕೇಳೋ ಹಾಗೂ ಇಲ್ಲ, ಹೇಳೋ ಹಾಗೂ ಇಲ್ಲ ಅತ್ತಿಗೆ. ಅದು ಈ ಮನೆ ರೂಢಿ," ಎಂದು ನಾದಿನಿ ಪುಸ್ತಕ ಮುಖಕ್ಕೆ ಅಡ್ಡ ಹಿಡಿದಳು.

ತಾಳಿದವನು ಬಾಳಿಯಾನು ಎನ್ನುತ್ತಾರೆ. ನಮ್ಮ ಹುಡುಗಿಗೆ ತಾಳ್ಮೆ ಅಷ್ಟಕ್ಕಷ್ಟೆ. ತನ್ನ ಗುಂಗುರು ಕೂದಲಿನ ಮೇಲೆ ಅವಳಿಗೆ ಬಲು ಹೆಮ್ಮೆ. ಒಂದು ಬೆಳಿಗ್ಗೆ ಅತ್ತೆಯ ಎದುರು ಕೂತು, ಹಣೆಯ ಬಳಿ ಬೆರಳಿಂದ ಒಂದು ಸುರುಳಿ ಬರೆದು, ಎದೆ ಮುಟ್ಟಿಕೊಂಡಳು. ಇದು ನಾನು! ಮಾವ ಕಿಸಕ್ಕೆಂದರು. ಅತ್ತೆ ಸೂಜಿಗೆ ಹೊಸ ದಾರ ಪೋಣಿಸಿದರು. ಹೊಲಿಗೆಗೆ ಮರಳಿದರು.

"ಅದನ್ನ ನಾವೇ ಇಟ್ಕೊಳ್ಳೋದಲ್ಲ ಕಣೆ," ಎಂದ ಗಂಡ, ಮೆತ್ತಗೆ.

ಆ ದಿನ ಅವಳಿಗೆ ಊಟ ಸೇರಲಿಲ್ಲ. ಅತ್ತೆ ತನ್ನನ್ನು ಇನ್ನೂ ಹೊರಗಿನವಳೆಂದೇ ಎಣಿಸಿದ್ದಾರೆ ಎಂದು ತೀರ್ಮಾನಿಸಿಬಿಟ್ಟಳು.

ಸ್ವಲ್ಪ ದಿನದ ಮೇಲೆ ಒಂದು ಮಧ್ಯಾಹ್ನ ಅತ್ತೆಯ ಬಾಲ್ಯದ ಗೆಳತಿ ಬಂದರು. ಇಬ್ಬರೂ ಒಂದೇ ಶಾಲೆಯಲ್ಲಿ ಕೈಮಾತು ಕಲಿತವರು, ಕೈಗಳಿಗೆ ಪುರುಸೊತ್ತೇ ಇರಲಿಲ್ಲ. ಸೊಸೆ ಚಹಾ ಹಿಡಿದು ಬಾಗಿಲ ತನಕ ಬಂದು ನಿಂತಳು. ಗೆಳತಿಯತ್ತ ತಿರುಗಿ ಕೂತಿದ್ದ ಅತ್ತೆ ಇವಳನ್ನು ನೋಡಲಿಲ್ಲ. ಯಾರನ್ನೋ ಜಾಡಿಸುತ್ತಿದ್ದರು. ಎರಡು ಬೆರಳನ್ನು ಹಲ್ಲಿನ ಬಳಿ ತಂದು ಫಟ್ಟನೆ ಎಳೆಯುತ್ತಿದ್ದರು, ಆಮೇಲೆ ಒಂದು ದೂರು. ಹೇಳಿದ ಮಾತು ಕೇಳುವುದಿಲ್ಲ. ಮತ್ತೆ ಹಲ್ಲು, ಫಟ್. ದಾರ ಬಿಗಿದು ಹಾಳೆ ಹರಿಯುತ್ತಾಳೆ. ಮತ್ತೆ ಫಟ್. ಹಕ್ಕಿಯ ಹಾಗೆ ಉಣ್ಣುತ್ತಾಳೆ.

"ಪಾಪ, ಯಾರಿಗೇ ಈ ಮಂಗಳಾರತಿ?" ಎಂದು ಪಕ್ಕಕ್ಕೆ ಬಂದ ನಾದಿನಿಯನ್ನು ಕೇಳಿದಳು.

"ಈಗ ಕಣ್ಣಾರೆ ಕಂಡ್ಯಲ್ಲ, ಇನ್ನು ಹೇಳಬಹುದು. ನಿಂಗೇ! ಕತ್ತರಿ ಪಕ್ಕದಲ್ಲೇ ಇದ್ರೂ ದಾರ ಹಲ್ಲಲ್ಲೇ ಕಡೀತೀಯಲ್ಲ, ಅದೇ ನಿನ್ನ ಹೆಸರು."

"ಯಾವಾಗಿಂದ?"

"ನೀನು ಬಂದ ವಾರದಿಂದ್ಲೇ. ಎದುರಿಗಿರೋರಿಗೆ ಬೆರಳು ತೋರಿಸಿದ್ರೆ ಸಾಕಲ್ವಾ? ಹೆಸರು ಬೇಕಾಗೋದು ಎದುರಿಗೆ ಇಲ್ದೋರಿಗೆ. ನೀನೋ, ಅಮ್ಮನ ಪಕ್ಕ ಬಿಟ್ಟು ಏಳೋದೇ ಇಲ್ಲ."

ಸೊಸೆಯ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅತ್ತೆಯ ಬೆರಳು ಮತ್ತೆ ಹಲ್ಲಿಗೆ ಹೋಯಿತು. ತವರಿಗೆ ಹೋದರೆ ಬರುವ ದಿನ ಹೇಳಿ ಹೋಗುವುದಿಲ್ಲ, ಬಾಗಿಲು ಕಾಯುತ್ತ ಕೂರುವವಳು ನಾನು.

"ಚಹಾ ಆರ್ತಿದೆ ಅತ್ತಿಗೆ, ಒಳಗೆ ಹೋಗು," ಎಂದಳು ನಾದಿನಿ.

"ತಾಳೇ," ಎಂದಳು ಸೊಸೆ. "ಇನ್ನೊಂಚೂರು ಬೈಲಿ."